ಪ್ಯಾರಿಸಿನ ಒಣಗಿದ ತೋಟ

ಪ್ಯಾರಿಸಿನಲ್ಲಿ ಸೆನ್ ನದಿಯ ಎಡದಂಡೆಯ ಮೇಲೆ ‘ಜಾರ್ದ್ಯಾಂ ದೆ ಪ್ಲಾಂತ್’ ಎಂಬ ಸಸ್ಯೋದ್ಯಾನವಿದೆ. 13ನೆಯ ಲೂಯಿ ದೊರೆಯ ಕಾಲದಲ್ಲಿ, 1635ರಲ್ಲಿ, ಔಷಧಿ ಸಸ್ಯಗಳ ತೋಟವಾಗಿ ಸ್ಥಾಪನೆಯಾದ ಇದು ಕ್ರಾಂತಿಯ ಗದ್ದಲದ ನಡುವೆ, 1793ರ ಜೂನ್‌ನಲ್ಲಿ, ರಾಷ್ಟ್ರೀಯ ನಿಸರ್ಗ ಚರಿತ್ರೆಯ ಸಂಗ್ರಹಾಲಯವಾಯಿತು. ನಮ್ಮ ಪಠ್ಯಪುಸ್ತಕಗಳ ಲಮಾರ್ಕ್ ಪ್ರಾಧ್ಯಾಪಕನಾಗಿದ್ದುದು ಇಲ್ಲಿಯೇ. ಬರ್ನಾರ್ ದ ಜ್ಯೂಸ್ಯು 1734ರಲ್ಲಿ ನೆಟ್ಟ ಲೆಬನಾನ್ ಸೀಡರ್ ಮರ (ನಮ್ಮ ಹಿಮಾಲಯದ ದೇವದಾರುವಿನ ಬಂಧು) ಇಂದಿಗೂ ನಿಂತಿದೆ.

ಹಸಿರು ತೋಟಕ್ಕಿಂತ ದೊಡ್ಡದಾದ ಇನ್ನೊಂದು ತೋಟ ಇಲ್ಲಿನ ಕಟ್ಟಡವೊಂದರ ಕಪಾಟುಗಳಲ್ಲಿದೆ. ಅದೇ ಹರ್ಬೇರಿಯಮ್. ಒತ್ತಿ ಒಣಗಿಸಿ ಕಾಗದಕ್ಕೆ ಅಂಟಿಸಿದ ಸುಮಾರು 80 ಲಕ್ಷ ಸಸ್ಯಮಾದರಿಗಳು ಅಲ್ಲಿವೆ. ಒಣಗಿದ ಎಲೆಗೇಕೆ ಇಷ್ಟು ಆರೈಕೆ? ಹೊಸ ಪ್ರಭೇದಕ್ಕೆ ಹೆಸರಿಡುವಾಗ ಸಸ್ಯವಿಜ್ಞಾನಿ ಒಂದು ಮಾದರಿಯನ್ನು ಆಧಾರವಾಗಿ ಗೊತ್ತುಪಡಿಸಬೇಕು. 1958ರಿಂದ ಇದು ಕಡ್ಡಾಯ. ಇದಕ್ಕೆ ‘ಟೈಪ್’ ಮಾದರಿ ಎಂದು ಹೆಸರು. ಮುಂದೆ ಎರಡು ಗಿಡಗಳು ಒಂದೇ ಪ್ರಭೇದವೋ ಬೇರೆಯೋ ಎಂಬ ತಕರಾರು ಬಂದರೆ, ಹೆಸರು ಯಾವುದಕ್ಕೆ ಸಲ್ಲಬೇಕೆಂದು ಹೇಳುವ ಸಾಕ್ಷಿ ಅದೇ. ವರ್ಣನೆಯ ಮಾತುಗಳು ಎಷ್ಟೇ ನಿಖರವಾಗಿರಲಿ, ಅವು ಎಲೆಗೆ ಸಮನಲ್ಲ.

ಇಂಥ ಸಾಕ್ಷಿ ಸುಟ್ಟುಹೋದರೆ? 2017ರಲ್ಲಿ ಹಾಗೇ ಆಯಿತು. ಸಂಶೋಧನೆಗೆಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿಗೆ ಪ್ಯಾರಿಸ್ ಎರವಲು ಕೊಟ್ಟ 105 ಮಾದರಿಗಳನ್ನು ಅಲ್ಲಿನ ಕ್ವಾರಂಟೀನ್ ಅಧಿಕಾರಿಗಳು ಕಾಗದಪತ್ರ ಸರಿಯಿಲ್ಲವೆಂದು ಸುಟ್ಟರು. 19ನೆಯ ಶತಮಾನದ ಲ್ಯಾಜೆನೋಫೊರಾ ಎಂಬ ಸೇವಂತಿಗೆ ಕುಟುಂಬದ ಗಿಡಗಳವು. ಅವುಗಳಲ್ಲಿ ಟೈಪ್ ಮಾದರಿಗಳೂ ಇದ್ದವು. ಪಾರ್ಸೆಲಿನ ಮೇಲೆ ನಮೂದಿಸಿದ್ದ ಬೆಲೆ ಕೇವಲ 2 ಡಾಲರ್! ಕೀಟ, ರೋಗಗಳ ಭಯದಿಂದ ಕ್ವಾರಂಟೀನ್ ಬೇಕೇ ಬೇಕು, ನಿಜ. ಆದರೆ ತಡೆಹಿಡಿದು ಹಿಂದಿರುಗಿಸಬಹುದಿತ್ತಲ್ಲ.

ಈಗ ಪ್ಯಾರಿಸಿನ 50 ಲಕ್ಷಕ್ಕೂ ಹೆಚ್ಚು ಹಾಳೆಗಳ ಚಿತ್ರಗಳು ಅಂತರಜಾಲದಲ್ಲಿವೆ. ಚಿತ್ರದಿಂದ ಪರಾಗವನ್ನಾಗಲಿ ಡಿಎನ್‌ಎಯನ್ನಾಗಲಿ ತೆಗೆಯಲಾಗದು. ಆದರೂ ತರಗತಿಗೆ ಇದು ದೊಡ್ಡ ಲಾಭ. ಇದೇ ಸಂಗ್ರಹಾಲಯ ಕಳುಹಿಸಿದ ವಿಕ್ಟರ್ ಜಾಕ್ಮೋಂ 1829ರಲ್ಲಿ ಭಾರತಕ್ಕೆ ಬಂದು, ಹಿಮಾಲಯ, ಕಾಶ್ಮೀರ ಸುತ್ತಿ, 1832ರಲ್ಲಿ ಮುಂಬಯಿಯಲ್ಲಿ ತೀರಿಕೊಂಡ. ಆತ ಸಂಗ್ರಹಿಸಿದ ಗಿಡಗಳು ಪ್ಯಾರಿಸ್ ಸೇರಿದವು. ಅಂಥದೊಂದು ಹಾಳೆಯನ್ನು ತೆರೆದಾಗ ವಿದ್ಯಾರ್ಥಿಗಳು ಮೊದಲು ಹೂವನ್ನಲ್ಲ, ಮೂಲೆಯ ಚೀಟಿಯನ್ನು ಓದಲಿ: ಯಾರು, ಎಲ್ಲಿ, ಯಾವಾಗ ಕಿತ್ತದ್ದು ಎಂದು.