ಸ್ವಂತ ಹಾಡು ಬಿಡುಗಡೆ ಮಾಡುವ ಮುನ್ನ ನಮ್ಮ ಯುವಕರು ತಿಳಿದಿರಬೇಕಾದ ವಿಷಯಗಳು

ಆದಿ ಉಡುಪಿ, ಕಲ್ಯಾಣಪುರ, ಉದ್ಯಾವರ ಪರಿಸರದ ನಮ್ಮ ಯುವಜನರಲ್ಲಿ ಅನೇಕರಿಗೆ ಗಿಟಾರ್, ಕೀಬೋರ್ಡ್‌ಗಳ ಪರಿಚಯವಾಗುವುದು ಚರ್ಚಿನ ಗಾಯನ ಮಂಡಳಿಯಲ್ಲಿ. ರೋಸ್, ಮದುವೆ ಸಮಾರಂಭಗಳಲ್ಲಿ ಬೇರೆಯವರ ಹಾಡು ನುಡಿಸಿ ಪಳಗಿದ ಮೇಲೆ ಕೆಲವರು ಸ್ವಂತ ಹಾಡು ರಚಿಸಿ, ಬ್ಯಾಂಡ್ ಕಟ್ಟಿ, ಅದನ್ನು ಬಿಡುಗಡೆ ಮಾಡಲು ಬಯಸುತ್ತಾರೆ. ಇಂಥವರಿಗೂ ಅವರ ಹೆತ್ತವರಿಗೂ ಉಪಯೋಗವಾಗುವ ಒಂದಿಷ್ಟು ಮಾಹಿತಿ ಇಲ್ಲಿದೆ.

ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಗೆಳೆಯರು 1996ರಲ್ಲಿ ಕಟ್ಟಿದ ‘ಥರ್ಮಲ್ ಆ್ಯಂಡ್ ಎ ಕ್ವಾರ್ಟರ್’ ಎಂಬ ರಾಕ್ ತಂಡವು ಸ್ವಂತ ಹಾಡುಗಳಿಂದಲೇ ಹೆಸರು ಮಾಡಿತು. 2000ರಲ್ಲಿ ಮೊದಲ ಆಲ್ಬಂ, 2002ರಲ್ಲಿ ‘ಜುಪಿಟರ್ ಕೆಫೆ’ ಹೊರಬಂದವು. 2005ರ ‘ಪ್ಲಾನ್ ಬಿ’ ಆಲ್ಬಮನ್ನು ತಂಡವು ಅಂತರ್ಜಾಲದಲ್ಲಿ ಉಚಿತವಾಗಿ ನೀಡಿತು. ತಮ್ಮ ಹಾಡುಗಳು ತಮ್ಮ ಕೈಯಲ್ಲೇ ಇದ್ದವರಿಗೆ ಮಾತ್ರ ಇಂಥ ತೀರ್ಮಾನ ಸಾಧ್ಯ.

ಇಂದು ಕ್ಯಾಸೆಟ್, ಸಿ.ಡಿ. ಮುದ್ರಿಸುವ ಖರ್ಚಿಲ್ಲ. ಸ್ಪಾಟಿಫೈಯಂಥ ತಾಣಗಳಿಗೆ ಹಾಡು ತಲುಪಿಸುವ ಡಿಸ್ಟ್ರಿಬ್ಯೂಟರ್ ಸಂಸ್ಥೆಗಳಿವೆ. ಇವು ವರ್ಷಕ್ಕಿಷ್ಟು ಶುಲ್ಕವನ್ನೋ ಆದಾಯದಲ್ಲಿ ಪಾಲನ್ನೋ ಪಡೆಯುತ್ತವೆ. ವಾರ್ಷಿಕ ಶುಲ್ಕ ನಿಲ್ಲಿಸಿದರೆ ಕೆಲವು ಸಂಸ್ಥೆಗಳು ಹಾಡನ್ನೇ ತೆಗೆದುಹಾಕುತ್ತವೆ. ಪ್ರತಿ ಧ್ವನಿಮುದ್ರಣಕ್ಕೆ ಐ.ಎಸ್.ಆರ್.ಸಿ. ಎಂಬ 12 ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಇರುತ್ತದೆ. ಇದನ್ನು ಸಾಮಾನ್ಯವಾಗಿ ಡಿಸ್ಟ್ರಿಬ್ಯೂಟರ್ ಸಂಸ್ಥೆಯೇ ಒದಗಿಸುತ್ತದೆ.

ಬಿಡುಗಡೆ ಸುಲಭವಾಗಿದೆ ನಿಜ. ಆದರೆ ಹಾಡು ಯಾರದ್ದು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಸಾಹಿತ್ಯದ ಹಕ್ಕು ಬರೆದವರದ್ದು, ರಾಗದ ಹಕ್ಕು ಸಂಯೋಜಿಸಿದವರದ್ದು. ಧ್ವನಿಮುದ್ರಣದ ಹಕ್ಕು ಅದನ್ನು ಮಾಡಿಸುವ ಹೊಣೆ ಹೊತ್ತವರದ್ದು. ಸ್ಟುಡಿಯೋ ಖರ್ಚನ್ನು ಒಬ್ಬರು ಕೊಟ್ಟು, ಸಾಹಿತ್ಯವನ್ನು ಇನ್ನೊಬ್ಬರು ಬರೆದಿದ್ದರೆ ಹಕ್ಕುಗಳು ಬೇರೆ ಬೇರೆ ಕೈಯಲ್ಲಿರುತ್ತವೆ.

ಸಂಗೀತ ಕಂಪೆನಿಯೊಂದು ಒಪ್ಪಂದ ಪತ್ರ ಮುಂದಿಟ್ಟಾಗ ಖುಷಿಯಲ್ಲಿ ಓದದೆ ಸಹಿ ಹಾಕಬೇಡಿ. ಹಕ್ಕು ವರ್ಗಾವಣೆಯ ಅವಧಿ ನಮೂದಿಸದಿದ್ದರೆ ಕಾನೂನು ಅದನ್ನು 5 ವರ್ಷವೆಂದು ಪರಿಗಣಿಸುತ್ತದೆ; ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತ. ಆದರೆ ‘ಶಾಶ್ವತವಾಗಿ, ವಿಶ್ವದಾದ್ಯಂತ’ ಎಂದು ಬರೆದಿದ್ದರೆ ಈ ರಕ್ಷಣೆ ಸಿಗದು. ಹೀಗಿದ್ದರೂ ಸಾಹಿತಿ ಮತ್ತು ಸಂಗೀತ ಸಂಯೋಜಕರಿಗೆ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು 2012ರ ತಿದ್ದುಪಡಿ ನೀಡಿದೆ. ಅದನ್ನು ಕಂಪೆನಿಗೆ ಬಿಟ್ಟುಕೊಡಲು ಬರುವುದಿಲ್ಲ. ಈ ರಾಯಲ್ಟಿಯನ್ನು ಸಂಗ್ರಹಿಸಿ ಹಂಚುವ ಸಂಸ್ಥೆ ಐ.ಪಿ.ಆರ್.ಎಸ್.; ಸಾಹಿತಿಗಳೂ ಸಂಯೋಜಕರೂ ಇದರ ಸದಸ್ಯರಾಗಬಹುದು.

ಬೇರೆಯವರ ಹಾಡನ್ನು ಬಳಸುವಾಗಲೂ ಎಚ್ಚರ ಬೇಕು. ಕೃತಿಸ್ವಾಮ್ಯವು ರಚನಕಾರರ ಮರಣದ ನಂತರ 60 ವರ್ಷ ಇರುತ್ತದೆ. 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ತತ್ವಪದಗಳನ್ನು ಯಾರೂ ರಾಕ್ ಶೈಲಿಯಲ್ಲಿ ಹಾಡಬಹುದು. ಆದರೆ 2010ರಲ್ಲಿ ನಮ್ಮನ್ನಗಲಿದ ವಿಲ್ಫಿ ರೆಬಿಂಬಸ್ ಅವರ ಕೊಂಕಣಿ ರಚನೆಗಳಿಗೆ 2070ರ ಅಂತ್ಯದವರೆಗೂ ರಕ್ಷಣೆ ಇದೆ. ಧಾರ್ಮಿಕ ವಿಧಿಯಲ್ಲಿ ಹಾಡು ಹಾಡುವುದಕ್ಕೆ ಕಾನೂನಿನಲ್ಲಿ ವಿನಾಯಿತಿ ಇದೆ. ಮದುವೆಗೆ ಸಂಬಂಧಿಸಿದ ಸಂಭ್ರಮಗಳೂ ಇದರಲ್ಲಿ ಸೇರಿವೆ. ಆದರೆ ಅದೇ ಹಾಡನ್ನು ಧ್ವನಿಮುದ್ರಿಸಿ ಬಿಡುಗಡೆ ಮಾಡುವುದಕ್ಕೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಸ್ಟುಡಿಯೋಗೆ ಹೋಗುವ ಮುಂಚೆಯೇ ಒಂದು ಹಾಳೆಯಲ್ಲಿ ಬರೆದಿಡಿ: ಸಾಹಿತ್ಯ ಯಾರದ್ದು, ರಾಗ ಯಾರದ್ದು, ಖರ್ಚು ಯಾರದ್ದು, ಆದಾಯದಲ್ಲಿ ಯಾರಿಗೆ ಎಷ್ಟು, ಬ್ಯಾಂಡಿನ ಹೆಸರು ಯಾರಿಗೆ ಸೇರಿದ್ದು, ಒಬ್ಬರು ಗಲ್ಫಿಗೆ ಹೊರಟರೆ ಅವರ ಪಾಲು ಏನಾಗುತ್ತದೆ. ಎಲ್ಲರೂ ಸಹಿ ಹಾಕಿ, ಪ್ರತಿಯೊಬ್ಬರೂ ಒಂದು ಪ್ರತಿ ಇಟ್ಟುಕೊಳ್ಳಿ. ಗೆಳೆಯರ ನಡುವೆ ಕಾಗದವೇಕೆ ಎಂದು ಅನಿಸಬಹುದು. ಹಾಡು ಜನಪ್ರಿಯವಾದ ಮೇಲೆ ಪಾಲಿನ ಮಾತು ಎತ್ತುವುದಕ್ಕಿಂತ, ಅದಕ್ಕಿನ್ನೂ ಬೆಲೆ ಬಾರದಿರುವಾಗಲೇ ಮಾತಾಡಿಕೊಂಡರೆ ಗೆಳೆತನವೂ ಉಳಿಯುತ್ತದೆ, ಹಾಡೂ ಉಳಿಯುತ್ತದೆ.