ಫುಲ್ ಫ್ರೇಮ್ ಕ್ಯಾಮೆರಾ ಕೊಳ್ಳುವ ಮುನ್ನ

ವಾರ್ಷಿಕೋತ್ಸವದ ಫೋಟೋಗಳು ಕ್ಲಾಸ್ ಗ್ರೂಪಿಗೆ ಬಂದ ದಿನದಿಂದ ಕಂಡವರೆಲ್ಲ ನನ್ನಲ್ಲಿ ಕೇಳುವುದು ಒಂದೇ ಪ್ರಶ್ನೆ: “ಫುಲ್ ಫ್ರೇಮ್ ತಗೊಂಡ್ರೆ ನಮ್ಗೂ ಹೀಗೆ ಬರ್ತದಾ?” ರಜಾದಿನಗಳಲ್ಲಿ ನಾನು ಮಾಮನ ಸ್ಟುಡಿಯೋದಲ್ಲಿ ಇರುವುದು, ಮದುವೆಗಳಿಗೆ ಅವರ ಬ್ಯಾಗ್ ಹೊತ್ತು ಹೋಗುವುದು ಎಲ್ಲರಿಗೂ ಗೊತ್ತು. ಒಬ್ಬೊಬ್ಬರಿಗೂ ಕ್ಯಾಂಟೀನ್ ಎದುರು ನಿಂತು ಉತ್ತರಿಸುವ ಬದಲು ಇಲ್ಲಿ ಒಮ್ಮೆಗೇ ಬರೆದುಬಿಡುತ್ತೇನೆ. ಅಂದಹಾಗೆ, ಆ ಫೋಟೋಗಳನ್ನು ತೆಗೆದದ್ದು ಫುಲ್ ಫ್ರೇಮಿನಲ್ಲಿ ಅಲ್ಲ. ಹೇಗೆ ಎಂದು ಮುಂದೆ ಹೇಳುತ್ತೇನೆ. ಕಾಮರ್ಸ್ ಮತ್ತು ಆರ್ಟ್ಸ್ ಗೆಳೆಯರು ಹೆದರಬೇಡಿ, ಲೆಕ್ಕ ಸ್ವಲ್ಪವೇ ಇದೆ.

ಮೊದಲು ಹೆಸರಿನ ಅರ್ಥ. ಹಿಂದೆ ಫಿಲ್ಮ್ ಇರುತ್ತಿದ್ದ ಜಾಗದಲ್ಲಿ ಈಗ ಸೆನ್ಸರ್ ಇದೆ. ಜರ್ಮನಿಯ ಆಸ್ಕರ್ ಬಾರ್ನಾಕ್ ಎಂಬ ತಂತ್ರಜ್ಞ ಸಿನಿಮಾ ಫಿಲ್ಮನ್ನೇ ಬಳಸಿ ಒಂದು ಪುಟ್ಟ ಕ್ಯಾಮೆರಾ ಮಾಡಿದ. 1925ರಲ್ಲಿ ಅದು ಲೈಕಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ಒಂದು ಚಿತ್ರದ ಅಳತೆ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಅದೇ ಅಳತೆಯ ಸೆನ್ಸರ್ ಇದ್ದರೆ ಇಂದು ನಾವು ಅದನ್ನು ಫುಲ್ ಫ್ರೇಮ್ ಎನ್ನುತ್ತೇವೆ. ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಇರಬಹುದಾದ ಸಾಮಾನ್ಯ ಡಿಎಸ್‌ಎಲ್‌ಆರ್‌ಗಳ ಸೆನ್ಸರ್ ಸುಮಾರು 23.5 ಮತ್ತು 15.6 ಮಿ.ಮೀ. (ಕ್ಯಾನನ್‌ನಲ್ಲಿ ಇನ್ನೂ ಸ್ವಲ್ಪ ಸಣ್ಣದು). ಇದನ್ನು ಕ್ರಾಪ್ ಸೆನ್ಸರ್ ಎನ್ನುತ್ತಾರೆ. ಗುಣಿಸಿ ನೋಡಿ: ಒಂದು 864 ಚದರ ಮಿ.ಮೀ., ಇನ್ನೊಂದು ಸುಮಾರು 367. ಅಂದರೆ ಎರಡೂಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚು ವ್ಯತ್ಯಾಸ.

ಇದರಿಂದ ಆಗುವ ಲಾಭ ನಮ್ಮೂರಿನವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಮಳೆಗೆ ಅಂಗಳದಲ್ಲಿ ಚೆಂಬು ಇಟ್ಟರೂ ಹಂಡೆ ಇಟ್ಟರೂ ಬೀಳುವ ಮಳೆ ಒಂದೇ, ಆದರೆ ಬಾಯಿ ಅಗಲ ಇದ್ದದ್ದಕ್ಕೆ ಹೆಚ್ಚು ನೀರು. ಬೆಳಕೂ ಹಾಗೆಯೇ. ಹೆಚ್ಚು ಬೆಳಕು ಸಿಕ್ಕಿದಾಗ ಫೋಟೋದ ನೆರಳಿನ ಭಾಗಗಳಲ್ಲಿ ಕಾಣುವ ಮರಳು ಮರಳಾದ ಚುಕ್ಕಿಗಳು, ಅಂದರೆ ನಾಯ್ಸ್, ಕಡಿಮೆಯಾಗುತ್ತದೆ. ಸಂಜೆಯ ಸಭಾಂಗಣದಲ್ಲಿ ಐಎಸ್‌ಒ 6400ಕ್ಕೆ ಏರಿಸಿದರೂ ಮುಖದ ಬಣ್ಣ ಕೆಡುವುದಿಲ್ಲ.

ಆದರೆ ಜನ ಮರೆಯುವ ವಿಷಯ ಒಂದಿದೆ. ಸೆನ್ಸರಿಗೆ ಬೆಳಕು ಬರುವುದು ಲೆನ್ಸಿನ ಮೂಲಕ. ಲೆನ್ಸಿನ ಮೇಲೆ ಬರೆದಿರುವ ಎಫ್ ಸಂಖ್ಯೆ ಎಂದರೆ ಫೋಕಲ್ ದೂರವನ್ನು ಲೆನ್ಸ್ ತೂತಿನ ವ್ಯಾಸದಿಂದ ಭಾಗಿಸಿದ ಲೆಕ್ಕ. ಸಂಖ್ಯೆ ಸಣ್ಣದಾದಷ್ಟೂ ತೂತು ದೊಡ್ಡದು, ಮತ್ತು ಬೆಳಕು ಆ ಸಂಖ್ಯೆಯ ವರ್ಗಕ್ಕೆ ವಿಲೋಮ ಅನುಪಾತದಲ್ಲಿ ಇರುತ್ತದೆ. ಕ್ಯಾಮೆರಾದ ಜೊತೆಗೇ ಬರುವ 18-55 ಲೆನ್ಸನ್ನು ಪೂರ್ತಿ ಝೂಮ್ ಮಾಡಿದರೆ ಅದು ಎಫ್ 5.6. ಪ್ರತಿ ಕಂಪನಿಯೂ ಮಾರುವ ಅಗ್ಗದ 50 ಮಿ.ಮೀ. ಲೆನ್ಸ್ ಎಫ್ 1.8. 5.6ರ ವರ್ಗ 31.36, 1.8ರ ವರ್ಗ 3.24. ಭಾಗಿಸಿದರೆ ಹತ್ತಿರ ಹತ್ತಿರ ಹತ್ತು. ಸೆನ್ಸರ್ ಬದಲಿಸಿದರೆ ಎರಡೂಕಾಲು ಪಟ್ಟು, ಲೆನ್ಸ್ ಬದಲಿಸಿದರೆ ಹತ್ತು ಪಟ್ಟು! ಮೊದಲನೆಯದಕ್ಕೆ ಲಕ್ಷದ ಮಾತು, ಎರಡನೆಯದು ಸಾವಿರಗಳಲ್ಲಿ ಮುಗಿಯುತ್ತದೆ. ವಾರ್ಷಿಕೋತ್ಸವದ ಸ್ಟೇಜನ್ನು ನಾನು ತೆಗೆದದ್ದು ಮಾಮನ ಹಳೆಯ ಕ್ರಾಪ್ ಕ್ಯಾಮೆರಾಕ್ಕೆ ಆ 50 ಮಿ.ಮೀ. ಲೆನ್ಸ್ ಹಾಕಿ. ಎಂಟು ಜನರನ್ನು ಎರಡು ಸಾಲಿನಲ್ಲಿ ನಿಲ್ಲಿಸಿದಾಗ ಮಾತ್ರ ಎಫ್ 1.8 ಪ್ರಯೋಜನಕ್ಕೆ ಬರುವುದಿಲ್ಲ, ಹಿಂದಿನ ಸಾಲು ಮಸುಕಾಗುತ್ತದೆ. ಅಲ್ಲಿ ಬೇಕಾದದ್ದು ಫ್ಲ್ಯಾಶ್.

ಹಾಗಾದರೆ ಫುಲ್ ಫ್ರೇಮ್ ಯಾರಿಗೆ? ಇದನ್ನು ಹೊಟ್ಟೆಪಾಡಿಗೆ ಮಾಡುವವರಿಗೆ. ನಿಕಾಹ್ ನಡೆಯುವ ಹಾಲ್‌ಗಳಲ್ಲಿ ಬೆಳಕು ಸಾಲದು, ಖುತ್ಬಾದ ಹೊತ್ತಿಗೆ ಫ್ಲ್ಯಾಶ್ ಹೊಡೆದರೆ ಹಿರಿಯರು ತಿರುಗಿ ನೋಡುತ್ತಾರೆ, ಒಳ್ಳೆಯ ಲೆನ್ಸಿನ ಮೇಲೂ ಇನ್ನಷ್ಟು ಬೆಳಕು ಬೇಕಾಗುತ್ತದೆ. ಇಕ್ಕಟ್ಟಾದ ಕೋಣೆಯಲ್ಲಿ ಇಡೀ ಕುಟುಂಬ ಒಂದೇ ಚಿತ್ರದಲ್ಲಿ ಬರಬೇಕಾದಾಗಲೂ ದೊಡ್ಡ ಸೆನ್ಸರ್ ಸಹಾಯಕ, ಯಾಕೆಂದರೆ ಕ್ರಾಪ್ ಕ್ಯಾಮೆರಾದಲ್ಲಿ 24 ಮಿ.ಮೀ. ಲೆನ್ಸ್ 36ರ ಹಾಗೆ ಕೆಲಸ ಮಾಡುತ್ತದೆ.

ಕಳೆದ ಮದುವೆ ಸೀಸನ್ನಿನ ಮೊದಲು ಒಬ್ಬರು ಸ್ಟುಡಿಯೋಗೆ ಬಂದಿದ್ದರು. ನಮ್ಮ ಕಾಲೇಜಿನಲ್ಲೇ ಪಿಯುಸಿ ಮುಗಿಸಿದವರು, ಹೆಸರು ಬೇಡ. ಉಮ್ಮನ ಎರಡು ಬಳೆ ಅಡವಿಟ್ಟು ಫುಲ್ ಫ್ರೇಮ್ ತೆಗೆಯುವುದು, ಸೀಸನ್ನಿನಲ್ಲಿ ದುಡಿದು ಬಳೆ ಬಿಡಿಸುವುದು, ಉಳಿದದ್ದರಲ್ಲಿ ಡಿಗ್ರಿ ಫೀಸ್ ಕಟ್ಟುವುದು ಅವರ ಯೋಜನೆ. ಬಳೆಯ ಹಣ ಬಾಡಿಗೆ (ಅಂದರೆ ಲೆನ್ಸ್ ಇಲ್ಲದ ಬರೀ ಕ್ಯಾಮೆರಾಕ್ಕೆ) ಸರಿಹೋಗುತ್ತಿತ್ತು, ಅಷ್ಟೆ. ಮಾಮ ಕ್ಯಾಲ್ಕುಲೇಟರ್ ಎಳೆದುಕೊಂಡು ಲೆನ್ಸ್, ಫ್ಲ್ಯಾಶ್, ಎರಡು ಕಾರ್ಡ್, ಇನ್ನೊಂದು ಬ್ಯಾಟರಿ ಎಂದು ಒಂದೊಂದೇ ಕೂಡಿಸಿದರು. ಮೊತ್ತ ಬಾಡಿಯಷ್ಟೇ ಆಯಿತು. “ಮೋನೆ, ಬಳೆ ಉಮ್ಮನ ಕೈಯಲ್ಲೇ ಇರ್ಲಿ. ನಾಲ್ಕು ಮದುವೆ ದಿನಬಾಡಿಗೆಯ ಕ್ಯಾಮೆರಾದಲ್ಲಿ ಮಾಡು. ಐದನೆಯದಕ್ಕೆ ಯಾರಾದ್ರೂ ನಿನ್ನನ್ನೇ ಕೇಳಿಕೊಂಡು ಬಂದ್ರೆ ಆಗ ಬಳೆ ವಿಷಯ ಮಾತಾಡುವ” ಎಂದರು. ಅವರಿಗೆ ಸ್ವಲ್ಪ ಬೇಸರವಾದದ್ದು ನಿಜ. ಈಗ ಮೂರು ಮದುವೆ ಆಗಿದೆ.

ಹೊಸದನ್ನೇ ಕೊಳ್ಳಬೇಕೆಂದಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವವುಗಳಲ್ಲಿ ನಾನು ಕೈಯಲ್ಲಿ ಹಿಡಿದು ನೋಡಿರುವುದು ಮೂರು: 2014ರ ನಿಕಾನ್ ಡಿ750, 2018ರ ಸೋನಿ ಎ7 ಮೂರನೆಯ ಆವೃತ್ತಿ, 2019ರ ಕ್ಯಾನನ್ ಆರ್‌ಪಿ. ಮೂರರಲ್ಲೂ ಮೆಗಾಪಿಕ್ಸೆಲ್ 24ರಿಂದ 26ರ ಒಳಗೆ, ಆ ವಿಷಯದಲ್ಲಿ ತಲೆಕೆಡಿಸಿಕೊಳ್ಳುವುದು ಬೇಡ. ನೋಡಬೇಕಾದದ್ದು ಬೇರೆ. ಡಿ750 ಮತ್ತು ಸೋನಿಯಲ್ಲಿ ಎರಡು ಕಾರ್ಡ್ ಹಾಕಬಹುದು, ಒಂದೇ ಫೋಟೋ ಎರಡರಲ್ಲೂ ಉಳಿಯುತ್ತದೆ. ಆರ್‌ಪಿಯಲ್ಲಿ ಒಂದೇ. ಕಾರ್ಡ್ ಕೈಕೊಟ್ಟಿತೆಂದು ಯಾರೂ ಇನ್ನೊಮ್ಮೆ ನಿಕಾಹ್ ಮಾಡಿಕೊಳ್ಳುವುದಿಲ್ಲ, ಆದ್ದರಿಂದ ಮದುವೆ ಕೆಲಸಕ್ಕೆ ಆರ್‌ಪಿ ಬೇಡ ಎಂದೇ ನನ್ನ ಅಭಿಪ್ರಾಯ. ಪ್ರವಾಸಕ್ಕೆ, ಮನೆಯವರ ಫೋಟೋಗೆ ಅದು ಹಗುರವಾದ ಒಳ್ಳೆಯ ಕ್ಯಾಮೆರಾ. ಬ್ಯಾಟರಿಯಲ್ಲೂ ದೊಡ್ಡ ವ್ಯತ್ಯಾಸ ಇದೆ. ಕಂಪನಿಗಳು ಒಂದೇ ಮಾನದಂಡದಲ್ಲಿ ಅಳೆದು ಕೊಡುವ ಲೆಕ್ಕದ ಪ್ರಕಾರ ಒಂದು ಚಾರ್ಜಿಗೆ ಡಿ750ರಲ್ಲಿ 1230 ಫೋಟೋ, ಸೋನಿಯಲ್ಲಿ 710, ಆರ್‌ಪಿಯಲ್ಲಿ 250.

ಡಿ750 ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್, ಒತ್ತಿದಾಗ ‘ಟಕ್’ ಎಂದು ಕೇಳುತ್ತದೆ. ಉಳಿದೆರಡು ಮಿರರ್‌ಲೆಸ್. ಸೋನಿಯಲ್ಲಿ ಸದ್ದೇ ಇಲ್ಲದೆ ತೆಗೆಯಬಹುದು. ಆದರೆ ಕೆಲವು ಎಲ್‌ಇಡಿ ದೀಪಗಳ ಕೆಳಗೆ ಸೈಲೆಂಟ್ ಶಟರ್ ಬಳಸಿದರೆ ಫೋಟೋದಲ್ಲಿ ಅಡ್ಡಡ್ಡ ಪಟ್ಟೆ ಬರುತ್ತದೆ, ಮೊದಲೇ ಒಂದು ತೆಗೆದು ನೋಡಿಕೊಳ್ಳಬೇಕು.

ಹಳೆಯದನ್ನು ಕೊಳ್ಳುವಾಗ ಶಟರ್ ಎಷ್ಟು ಸಲ ಬಿದ್ದಿದೆ ಎಂದು ಕೇಳಿ. ಡಿ750ರ ಶಟರನ್ನು ಕಂಪನಿ 1,50,000 ಸಲ ಪರೀಕ್ಷಿಸಿದೆ. 40,000 ಆದದ್ದು ಒಳ್ಳೆಯ ಪ್ರಾಯದ್ದು, 1,30,000 ಆದದ್ದಕ್ಕೆ ಬೆಲೆ ಇಳಿಸಿ ಕೇಳಬೇಕು. ಎಫ್ 16ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೋ ತೆಗೆದರೆ ಸೆನ್ಸರಿನ ಧೂಳು ಕಪ್ಪು ಚುಕ್ಕಿಗಳಾಗಿ ಕಾಣುತ್ತದೆ. ಲೆನ್ಸಿನೊಳಗೆ ಮೊಬೈಲ್ ಟಾರ್ಚ್ ಹಾಯಿಸಿ ನೋಡಿ, ಜೇಡರ ಬಲೆಯಂಥ ಗೆರೆಗಳಿದ್ದರೆ ಅದು ಫಂಗಸ್, ಎಷ್ಟು ಅಗ್ಗವಾದರೂ ಬಿಟ್ಟುಬಿಡಿ. ಮೂಲ ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್ ಕ್ಯಾಮೆರಾದ ಅಡಿಯಲ್ಲಿರುವುದಕ್ಕೆ ಹೊಂದಬೇಕು. ಬಿಲ್ ಇಲ್ಲದ ಮಾಲು ಯಾರದ್ದೋ ಮನೆಯಿಂದ ಕದ್ದದ್ದಾಗಿರಬಹುದು. ಇನ್ನೊಂದು: ನಿಮ್ಮಲ್ಲಿ ಈಗಾಗಲೇ ಇರುವ ಕ್ರಾಪ್ ಲೆನ್ಸುಗಳು ಫುಲ್ ಫ್ರೇಮಿಗೆ ಪೂರ್ತಿ ಒಗ್ಗುವುದಿಲ್ಲ. ನಿಕಾನ್‌ನಲ್ಲಿ ಕೂರುತ್ತವೆ, ಆದರೆ ನಡುವಿನ ಭಾಗವಷ್ಟೇ ಬಳಕೆಯಾಗಿ 24 ಮೆಗಾಪಿಕ್ಸೆಲ್ ಹೋಗಿ ಹತ್ತರ ಆಸುಪಾಸಿಗೆ ಇಳಿಯುತ್ತದೆ.

ಇನ್ನು ಜೊತೆಗೆ ಬೇಕಾದ ಸಾಮಾನುಗಳು. ಅಂಗಡಿಯವರು ಕಾಂಬೋ ಎಂದು ಕೊಡುವ ಹತ್ತು ವಸ್ತುಗಳಲ್ಲಿ ಏಳು ಕಪಾಟಿನಲ್ಲೇ ಉಳಿಯುತ್ತವೆ. ಹಗುರ ಟ್ರೈಪಾಡ್ ಗಾಳಿಗೆ ನಡುಗುತ್ತದೆ, ರಾತ್ರಿ ಆಕಾಶ ಅಥವಾ ವಿಡಿಯೋ ಮಾಡದವರಿಗೆ ಟ್ರೈಪಾಡ್ ಅಗತ್ಯವೇ ಇಲ್ಲ. ಯುವಿ ಫಿಲ್ಟರಿಗಿಂತ ಲೆನ್ಸಿನ ಹುಡ್ ಮೇಲು.

ಕಾರ್ಡಿನಲ್ಲಿ ಮಾತ್ರ ಜಿಪುಣತನ ಬೇಡ. ವಿ30 ಎಂದು ಬರೆದಿದ್ದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತದೆ ಎಂದರ್ಥ, ಫೋಟೋಗೆ ಅಷ್ಟು ಸಾಕು. ನಕಲಿ ಕಾರ್ಡುಗಳು ಬಹಳ ಇವೆ. ಹೊಸ ಕಾರ್ಡ್ ತಂದ ದಿನವೇ ಕಂಪ್ಯೂಟರಿನಿಂದ ಅದನ್ನು ಪೂರ್ತಿ ತುಂಬಿಸಿ, ಫೈಲುಗಳು ಸರಿಯಾಗಿ ತೆರೆಯುತ್ತವೆಯೇ ನೋಡಿ. ನಕಲಿಯಾದರೆ ಅಂದೇ ಗೊತ್ತಾಗುತ್ತದೆ.

ಫ್ಲ್ಯಾಶ್ ತಲೆ ತಿರುಗುವಂಥದ್ದಿರಲಿ. ನೇರ ಮುಖಕ್ಕೆ ಹೊಡೆಯದೆ ಬಿಳಿ ಸೀಲಿಂಗಿಗೋ ಗೋಡೆಗೋ ಹೊಡೆದರೆ ಬೆಳಕು ಮೆತ್ತಗೆ ಬೀಳುತ್ತದೆ. ಎತ್ತರದ ಹಾಲ್‌ಗಳಲ್ಲಿ ಇದು ನಡೆಯದು, ಯಾಕೆಂದರೆ ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ (ಫಿಸಿಕ್ಸ್ ಪುಸ್ತಕದ ವಿಲೋಮ ವರ್ಗ ನಿಯಮ ಇದೇ). ಕೆಂಪು, ಹಳದಿ ಬಟ್ಟೆಯ ಶಾಮಿಯಾನದ ಕೆಳಗಂತೂ ಮೇಲಕ್ಕೆ ಹೊಡೆಯಲೇಬೇಡಿ, ಮದುಮಗನಿಗೆ ಕಾಮಾಲೆ ಬಂದ ಹಾಗೆ ಕಾಣುತ್ತದೆ.

ಕರಾವಳಿಯವರು ಮೊದಲು ಕೊಳ್ಳಬೇಕಾದ್ದು ಮಾತ್ರ ಯಾವ ಕಾಂಬೋದಲ್ಲೂ ಇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಗಾಳಿಯೇ ಒದ್ದೆ. ಕ್ಯಾಮೆರಾವನ್ನು ಬ್ಯಾಗಿನಲ್ಲೇ ಇಟ್ಟು ಕಪಾಟಿಗೆ ಸೇರಿಸಿದರೆ ಬ್ಯಾಗಿನ ಸ್ಪಂಜು ತೇವ ಹಿಡಿದು ಲೆನ್ಸಿಗೆ ಫಂಗಸ್ ಬರಿಸುತ್ತದೆ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಒಂದು ಸಣ್ಣ ಮೀಟರ್. ಮುಳ್ಳು 40ರಿಂದ 50ರ ನಡುವೆ ಇದ್ದರೆ ಸರಿ. ನೀಲಿ ಜೆಲ್ ನೀರು ಕುಡಿದು ಗುಲಾಬಿಯಾದಾಗ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ನೀಲಿಗೆ ತಿರುಗುತ್ತದೆ. ಅಡುಗೆಯ ಬಾಣಲೆಯಲ್ಲಿ ಬೇಡ, ಆ ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡಿನದ್ದು, ವಿಷ. ಸ್ಟುಡಿಯೋದಲ್ಲಿ ನಾವು ಅದಕ್ಕೆಂದೇ ಒಂದು ಹಳೆಯ ತಗಡಿನ ತಟ್ಟೆ ಇಟ್ಟಿದ್ದೇವೆ.