ಕೇಪ್ ಬ್ರೆಟನ್ ದ್ವೀಪದ ಪಿಟೀಲು

ವಯೊಲಿನ್ ವಾದ್ಯವನ್ನು ನಾವು ಪಿಟೀಲು ಎಂದು ಕರೆಯುತ್ತೇವೆ. ಇಂಗ್ಲಿಷಿನ ಫಿಡಲ್ ಎಂಬ ಪದವೇ ಕನ್ನಡ ನಾಲಗೆಯಲ್ಲಿ ಹೀಗೆ ತಿರುಗಿತು. ಆ ಜನಕ್ಕೆ ವಾದ್ಯ ಒಂದೇ ಆದರೂ ಹೆಸರುಗಳು ಎರಡು: ಕಛೇರಿಯ ವೇದಿಕೆಯಲ್ಲಿ ಅದು ವಯೊಲಿನ್, ಹಳ್ಳಿಯ ಕುಣಿತದಲ್ಲಿ ಫಿಡಲ್. ನಾವು ಈ ಭೇದವನ್ನು ಲೆಕ್ಕಕ್ಕೆ ಇಡಲಿಲ್ಲ. ನಮ್ಮ ಮಹಾವಿದ್ವಾಂಸರು ಕೂಡ ಜನರ ಬಾಯಲ್ಲಿ ಪಿಟೀಲು ಚೌಡಯ್ಯನವರೇ ಆದರು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಈ ವಾದ್ಯವನ್ನು ಮದರಾಸಿನಲ್ಲಿ ಕಲಿತರು. ದೀಕ್ಷಿತರು ಬ್ಯಾಂಡಿನವರ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿ ರಚಿಸಿದ ನೊಟ್ಟುಸ್ವರಗಳಲ್ಲಿ ಸ್ಕಾಟ್ಲೆಂಡ್, ಐರ್ಲೆಂಡುಗಳ ಕುಣಿತದ ಮಟ್ಟುಗಳೂ ಉಂಟು. ಹೆಚ್ಚು ಕಡಮೆ ಅದೇ ಕಾಲದಲ್ಲಿ, ಅದೇ ಬಗೆಯ ಮಟ್ಟುಗಳು ಬಡ ವಲಸೆಗಾರರ ಜೊತೆಯಲ್ಲಿ ಹಡಗು ಹತ್ತಿ ಪಶ್ಚಿಮಕ್ಕೂ ಹೋದವು. ನಾನು ಈಗ ಹೇಳಹೊರಟಿರುವುದು ಆ ಎರಡನೆಯ ಪಯಣದ ಕಥೆಯನ್ನು.

ಕೆನಡಾ ದೇಶದ ಪೂರ್ವದ ಅಂಚಿನಲ್ಲಿ, ನೋವಾ ಸ್ಕೋಷಿಯ ಪ್ರಾಂತಕ್ಕೆ ಸೇರಿದ ಕೇಪ್ ಬ್ರೆಟನ್ ಎಂಬ ದ್ವೀಪವಿದೆ. ಹದಿನೆಂಟನೆಯ ಶತಮಾನದ ಕೊನೆಯಿಂದ ಹತ್ತೊಂಬತ್ತರ ನಡುವಿನವರೆಗೆ ಸ್ಕಾಟ್ಲೆಂಡಿನ ಮಲೆನಾಡಿನಿಂದಲೂ ಪಶ್ಚಿಮ ದ್ವೀಪಗಳಿಂದಲೂ ಸಾವಿರಾರು ಕುಟುಂಬಗಳು ಇಲ್ಲಿಗೆ ಬಂದು ನೆಲಸಿದವು. ಕುರಿಯ ಮಂದೆ ಸಾಕಿದರೆ ಲಾಭ ಹೆಚ್ಚೆಂದು ಕಂಡ ಜಮೀನ್ದಾರರು ಒಕ್ಕಲುಗಳನ್ನು ಎಬ್ಬಿಸಿದ ಕಾಲ ಅದು. ಬಂದವರ ನುಡಿ ಇಂಗ್ಲಿಷಲ್ಲ, ಗೇಲಿಕ್. ಒಂದು ಕಣಿವೆಯಲ್ಲಿ ಒಂದೇ ಊರಿನವರು, ಒಂದೇ ಮತದವರು ಒಟ್ಟಾಗಿ ಕುಳಿತದ್ದರಿಂದ ಊರಿನ ಹಾಡು, ಕಥೆ, ಕುಣಿತಗಳು ಬಹುಮಟ್ಟಿಗೆ ಇದ್ದಂತೆಯೇ ಉಳಿದವು. ದ್ವೀಪಕ್ಕೂ ನೆಲನಾಡಿಗೂ ನಡುವೆ ಕಲ್ಲಿನ ಸೇತುದಾರಿ ಸಿದ್ಧವಾದದ್ದು 1955ರಲ್ಲಿ. ಅಲ್ಲಿಯವರೆಗೆ ದೋಣಿಯೇ ಗತಿ.

ಇನ್ನು ಕುಣಿತದ ಮಾತು. ಅದನ್ನು ಅಲ್ಲಿಯವರು ಸ್ಟೆಪ್ ಡಾನ್ಸ್, ಎಂದರೆ ಹೆಜ್ಜೆಯ ಕುಣಿತ ಎನ್ನುತ್ತಾರೆ. ಕೈಗಳು ಸುಮ್ಮನೆ ಇಳಿಬಿದ್ದಿರುತ್ತವೆ, ಮುಖದಲ್ಲಿ ಅಭಿನಯವಿಲ್ಲ, ಮೈ ನೆಟ್ಟಗೆ ಆದರೆ ಬಿಗುವಿಲ್ಲದೆ ನಿಂತಿರುತ್ತದೆ. ಕೆಲಸವೆಲ್ಲ ಮೊಣಕಾಲಿನ ಕೆಳಗೆ. ಪಾದಗಳು ನೆಲವನ್ನು ಬಿಟ್ಟು ಹೆಚ್ಚು ಮೇಲೇಳುವುದಿಲ್ಲ. ಹಿಮ್ಮಡಿ, ಉಂಗುಷ್ಠಗಳಿಂದ ಪಿಟೀಲಿನ ಪ್ರತಿಯೊಂದು ಸೂಕ್ಷ್ಮವನ್ನೂ ನೆಲದ ಹಲಗೆಯ ಮೇಲೆ ಬಿಡಿಸಿ ತೋರಿಸಬೇಕು. ಒಳ್ಳೆಯ ಹೆಜ್ಜೆಗೆ ಅವರು ಕೊಡುವ ಮೆಚ್ಚುಗೆಯ ಮಾತು "ಅಚ್ಚುಕಟ್ಟು" ಎಂಬುದೇ ಹೊರತು "ಭವ್ಯ" ಎಂಬುದಲ್ಲ. ನನಗೆ ಈ ಸಂಕೋಚದ ಸೌಂದರ್ಯ ಬಹಳ ಹಿಡಿಸಿತು.

ಪಿಟೀಲುಗಾರನು ಮೊದಲು ಸ್ಟ್ರಾತ್‌ಸ್ಪೇ ಎಂಬ ಮಟ್ಟನ್ನು ಎತ್ತಿಕೊಳ್ಳುತ್ತಾನೆ. ಇದು ನಾಲ್ಕೆಣಿಕೆಯದು. ಆದರೆ ಎಣಿಕೆಯೊಳಗಿನ ಸ್ವರಗಳು ಸಮವಾಗಿ ಹಂಚಿಹೋಗುವುದಿಲ್ಲ. ಒಂದು ಸ್ವರ ತಟ್ಟನೆ ಮುರಿದು ಮುಂದಿನದು ನೀಳವಾಗುತ್ತದೆ. ಅನಂತರ ನಿಲ್ಲಿಸದೆ, ಉಸಿರಿಗೂ ಎಡೆಗೊಡದೆ, ರೀಲ್ ಎಂಬ ದ್ರುತಗತಿಯ ಮಟ್ಟಿಗೆ ಹೊರಳುತ್ತಾನೆ. ಆ ಹೊರಳುವಿಕೆಯ ಕ್ಷಣದಲ್ಲಿ ನೋಡುತ್ತ ನಿಂತವರಿಂದ ಒಂದು ಕೂಗು ತಾನಾಗಿ ಹೊರಡುತ್ತದೆ. ಜಿಗ್ ಎಂಬ ಮೂರನೆಯ ಜಾತಿ ನಮ್ಮ ತಿಶ್ರ ನಡೆಯ ನಂಟ. ಬ್ಯಾಗ್‌ಪೈಪಿನ ಗಮಕಗಳನ್ನು ತಂತಿಯ ಮೇಲೆ ತರುವುದಕ್ಕಾಗಿ ಅವರು ಕಮಾನನ್ನು ಕಿರಿದಾಗಿ ಕತ್ತರಿಸುತ್ತಾರೆ, ಪಕ್ಕದ ತಂತಿಯನ್ನು ಶ್ರುತಿಯಂತೆ ಮೊಳಗಿಸುತ್ತಾರೆ. ಕೆಲವು ಮಟ್ಟುಗಳಿಗಾಗಿ ಕೆಳಗಿನ ಎರಡು ತಂತಿಗಳನ್ನು ಒಂದೊಂದು ಸ್ವರ ಏರಿಸಿಕೊಳ್ಳುವುದೂ ಉಂಟು. ವಾದಕನ ಹಿಮ್ಮಡಿ ಉದ್ದಕ್ಕೂ ತಾಳ ಹಾಕುತ್ತಲೇ ಇರುತ್ತದೆ. ಪಿಯಾನೊ ಪಕ್ಕವಾದ್ಯವಾಗಿ ಸೇರಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಈಗ ಅದಿಲ್ಲದೆ ಕುಣಿತವೇ ಇಲ್ಲ.

ಈ ಕಲೆಗೆ ವಿರೋಧವೂ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮಾಬೌ ಎಂಬಲ್ಲಿಯ ಪಾದ್ರಿಯೊಬ್ಬರು, ಕುಣಿತದಿಂದ ಕುಡಿತ ಹೆಚ್ಚುತ್ತದೆಂದು ಮನೆಮನೆಯ ಪಿಟೀಲುಗಳನ್ನು ತರಿಸಿ ನಾಶಮಾಡಿದರೆಂಬ ಕಥೆ ಇಂದಿಗೂ ಅಲ್ಲಿ ಪ್ರಚಲಿತವಾಗಿದೆ. 1938ರಲ್ಲಿ ಸೇಂಟ್ ಆನ್ಸ್ ಎಂಬ ಊರಿನಲ್ಲಿ ಗೇಲಿಕ್ ಕಾಲೇಜು ಸ್ಥಾಪನೆಯಾಯಿತಾದರೂ ಅದರ ಮೊದಲ ದಶಕಗಳ ಒಲವು ಪಟ್ಟೆಬಟ್ಟೆಯ ಉಡುಪು, ಬ್ಯಾಗ್‌ಪೈಪು, ಸ್ಪರ್ಧೆಯ ಹೈಲೆಂಡ್ ನೃತ್ಯಗಳ ಕಡೆಗಿತ್ತು. ಅಡುಗೆಮನೆಯಲ್ಲಿ ಕುಣಿಯುತ್ತಿದ್ದ ಅಜ್ಜಿಯ ಹೆಜ್ಜೆ ಪ್ರವಾಸಿಗಳಿಗೆ ತೋರಿಸತಕ್ಕದ್ದಾಗಿ ಯಾರಿಗೂ ಕಾಣಲಿಲ್ಲ. ಆ ಕಾಲೇಜು ಈಗ ಅದೇ ಹೆಜ್ಜೆಯನ್ನೂ ಪಿಟೀಲನ್ನೂ ಕಲಿಸುತ್ತಿದೆ.

1971ರಲ್ಲಿ ಕೆನಡಾದ ರಾಷ್ಟ್ರೀಯ ಪ್ರಸಾರ ಸಂಸ್ಥೆಯು ರಾನ್ ಮ್ಯಾಕಿನಿಸ್ ಎಂಬವರು ಸಿದ್ಧಪಡಿಸಿದ ಒಂದು ಸಾಕ್ಷ್ಯಚಿತ್ರವನ್ನು ತೋರಿಸಿತು. "ಮರೆಯಾಗುತ್ತಿರುವ ಕೇಪ್ ಬ್ರೆಟನ್ ಪಿಟೀಲುಗಾರ" ಎಂಬುದು ಅದರ ಹೆಸರು. ವಾದಕರೆಲ್ಲ ಮುದುಕರು, ಎಳೆಯರು ಗಿಟಾರಿನ ಹಿಂದೆ ಹೋಗಿದ್ದಾರೆ, ಈ ತಲೆಮಾರಿನೊಂದಿಗೆ ಎಲ್ಲವೂ ಮುಗಿಯಿತು ಎಂಬುದು ಅದರ ಧ್ವನಿ. ದ್ವೀಪದ ಜನ ನೊಂದರು, ಕೆರಳಿದರು. ಗ್ಲೆಂಡೇಲ್ ಊರಿನ ಪಾದ್ರಿ ಜಾನ್ ಆಂಗಸ್ ರ‍್ಯಾಂಕಿನ್ ಮೊದಲಾದವರು ಕೂಡಿ, ಯಾರು ಯಾರು ಎಲ್ಲೆಲ್ಲಿ ಪಿಟೀಲು ಬಾರಿಸುತ್ತಾರೆಂದು ಪಟ್ಟಿ ಮಾಡತೊಡಗಿದರು. 1973ರ ಜುಲೈ ತಿಂಗಳಲ್ಲಿ ಗ್ಲೆಂಡೇಲಿನ ಬಯಲಿನಲ್ಲಿ ನೂರಕ್ಕೂ ಹೆಚ್ಚು ಮಂದಿ ಒಂದೇ ವೇದಿಕೆಯ ಮೇಲೆ ಒಟ್ಟಿಗೆ ಕಮಾನು ಎಳೆದರು. ಒಬ್ಬ ಪಾದ್ರಿ ಮುರಿಸಿದ್ದನ್ನು ಇನ್ನೊಬ್ಬ ಪಾದ್ರಿ ಕೂಡಿಸಿದಂತಾಯಿತು!

ಚಿತ್ರದ ಮಾತು ಅತಿಶಯದ್ದೆಂದು ಮುಂದೆ ಕೆಲವು ಸಂಶೋಧಕರು ವಾದಿಸಿದರು. ಇರಬಹುದು. ಆದರೆ ಹಳಬರು ಬೇಕಾದಷ್ಟು ಮಂದಿ ಇದ್ದರೂ ಕಲಿಯುವ ಹುಡುಗರು ವಿರಳರಾಗಿದ್ದರೆಂಬುದೇ ನಿಜವಾದ ಕೊರತೆ ಎಂದು ನನ್ನ ಎಣಿಕೆ. ಉತ್ಸವಕ್ಕಿಂತ ಅದರ ಹಿಂದೆಯೇ ಬಂದ ತರಗತಿಗಳೇ ಮುಖ್ಯವಾದವು. ಸ್ಟ್ಯಾನ್ ಚಾಪ್ಮನ್ ಎಂಬ ಶಿಕ್ಷಕರ ಬಳಿ ಕಲಿತ ಮಕ್ಕಳಲ್ಲಿ ನಟಾಲಿ ಮ್ಯಾಕ್‌ಮಾಸ್ಟರ್, ಆಶ್ಲಿ ಮ್ಯಾಕೈಸಾಕ್ ಇಬ್ಬರೂ ಜಗತ್ತಿಗೆಲ್ಲ ಪರಿಚಿತರಾದರು. ನಟಾಲಿಯವರ ದೊಡ್ಡಪ್ಪ ಬಡಿ ಮ್ಯಾಕ್‌ಮಾಸ್ಟರ್ ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರಿಕೆ ಮಾಡುತ್ತ, ರಾತ್ರಿ ಊರೂರಿನ ಕುಣಿತಗಳಿಗೆ ಬಾರಿಸುತ್ತ ಬಾಳಿದವರು. ಅವರ ಮೊದಲ ಧ್ವನಿಮುದ್ರಿಕೆ ಹೊರಬಂದದ್ದು ನಿವೃತ್ತಿಯ ಮರುವರ್ಷ, 1989ರಲ್ಲಿ. 2014ರಲ್ಲಿ ಅವರು ತೀರಿಕೊಂಡರು.

ನನ್ನ ತಂಗಿಯ ಮಗಳು ಆ ದ್ವೀಪದ ಸಿಡ್ನಿ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ನಾನು ಒಂದು ಬೇಸಿಗೆ ಅಲ್ಲಿಗೆ ಹೋಗಿದ್ದೆ. ಇನ್ವರ್ನೆಸ್ ಕೌಂಟಿಯ ಒಂದು ಹಳ್ಳಿಯ ಸಭಾಭವನದಲ್ಲಿ ಕುಣಿತ ನೋಡುವ ಯೋಗವೂ ಒದಗಿತು. ಬಾಗಿಲಲ್ಲಿ ಹಣ ಕೊಟ್ಟು ಒಳಹೊಕ್ಕರೆ, ಹಲಗೆಯ ನೆಲ, ಗೋಡೆಯುದ್ದಕ್ಕೂ ಬೆಂಚುಗಳು, ಮೂಲೆಯಲ್ಲಿ ಪಿಟೀಲು, ಪಿಯಾನೊ. ಜೋಡಿಗಳು ಕೂಡಿ ಆಡುವ ಚೌಕದ ಕುಣಿತಕ್ಕೆ ಮೂರು ಭಾಗಗಳು: ಎರಡಕ್ಕೆ ಜಿಗ್, ಕಡೆಯದಕ್ಕೆ ರೀಲ್. ಹೀಗೆ ಹೆಜ್ಜೆ ಹಾಕಿರೆಂದು ಕೂಗಿ ಹೇಳುವವರಾರೂ ಇರಲಿಲ್ಲ. ಎಪ್ಪತ್ತು ದಾಟಿದ ಗೃಹಿಣಿಯೊಬ್ಬರು ಹತ್ತು ವರ್ಷದ ಹುಡುಗನನ್ನು ಭುಜ ಹಿಡಿದು ತಿರುಗಿಸಿ ಅವನ ಜಾಗದಲ್ಲಿ ನಿಲ್ಲಿಸುತ್ತಿದ್ದರು. ನಡುರಾತ್ರಿಯ ಹೊತ್ತಿಗೆ ಸ್ಟ್ರಾತ್‌ಸ್ಪೇ ಮೊದಲಾಯಿತು. ನೆಲ ತೆರವಾಯಿತು. ಒಬ್ಬೊಬ್ಬರಾಗಿ ಮುಂದೆ ಬಂದು, ತಮಗೆ ಬಲ್ಲ ನಾಲ್ಕಾರು ಹೆಜ್ಜೆಗಳನ್ನು ಒಪ್ಪಿಸಿ ಹಿಂದೆ ಸರಿದರು. "ಕುಣಿಯುವವರ ಕಾಲು ನೋಡದೆ ಬಾರಿಸಿದರೆ ಮಟ್ಟು ಓಡಿಬಿಡುತ್ತದೆ," ಎಂದು ಪಿಟೀಲುಗಾರ ಆಮೇಲೆ ನನಗೆ ಹೇಳಿದ. ಇದು ಯಥಾರ್ಥ. ವೇದಿಕೆಗೆ ಮಾತ್ರ ಬಾರಿಸಲು ಕಲಿತವನ ರೀಲು ಚಪ್ಪಾಳೆಯ ಆಸೆಯಿಂದ ವೇಗಗೊಳ್ಳುತ್ತದೆ. ವೇಗ ಹೆಚ್ಚಿದಂತೆ ಹೆಜ್ಜೆಗೆ ಎಡೆ ಉಳಿಯುವುದಿಲ್ಲ. 1997ರಲ್ಲಿ ಮೊದಲಾದ ಕೆಲ್ಟಿಕ್ ಕಲರ್ಸ್ ಉತ್ಸವ ಪ್ರತಿ ಅಕ್ಟೋಬರಿನಲ್ಲಿ ದೂರದ ರಸಿಕರನ್ನು ಕರೆತರುತ್ತದೆ, ಕಲಾವಿದರಿಗೆ ಸಂಭಾವನೆ ದೊರಕಿಸುತ್ತದೆ. ಆದರೂ ಮಟ್ಟಿನ ನಡೆಯನ್ನು ಹದದಲ್ಲಿ ಇಡುವುದು ಅಂಥ ಹಳ್ಳಿಯ ಸಭಾಭವನವೇ.

ಆ ಸಭಾಭವನಕ್ಕೆ ಜನ ಬೇಕಲ್ಲ! ದ್ವೀಪಕ್ಕೆ ಅನ್ನ ಕೊಟ್ಟಿದ್ದ ಉಕ್ಕಿನ ಕಾರ್ಖಾನೆ, ಕಲ್ಲಿದ್ದಲ ಗಣಿ ಎರಡೂ 2001ರಲ್ಲಿ ಮುಚ್ಚಿಹೋದವು. ಬಾಸ್ಟನ್ನಿಗೆ, ಟೊರೊಂಟೊಗೆ, ಆಲ್ಬರ್ಟಾದ ತೈಲದ ಬಯಲಿಗೆ ಯುವಕರು ಹೋಗುವುದು ಹಳೆಯ ಕಥೆ. ಇದಕ್ಕಿಂತ ಸೂಕ್ಷ್ಮವಾದ ನಷ್ಟ ಇನ್ನೊಂದಿದೆ. ಗೇಲಿಕ್ ಮಾತೃಭಾಷೆಯಾದವರು ಈಗ ಬೆರಳೆಣಿಕೆಯಷ್ಟು. ಶಾಲೆಗಳಲ್ಲಿ ಆ ನುಡಿಯಾಡಿದ ಮಕ್ಕಳು ಶಿಕ್ಷೆಗೆ ಗುರಿಯಾದ ಕಾಲವಿತ್ತು. ತಾಯಿತಂದೆಯರೇ ಅದನ್ನು ಮಕ್ಕಳಿಗೆ ಕಲಿಸದೆ ಬಿಟ್ಟರು. ಪಿಟೀಲು ಇಲ್ಲದ ಮನೆಯಲ್ಲಿ ಗೇಲಿಕ್ ಪದಗಳನ್ನು ಮಟ್ಟಿಗೆ ಹೊಂದಿಸಿ ಬಾಯಿಂದಲೇ ಕುಣಿಸುವ ರೂಢಿಯಿತ್ತು. ಸ್ಟ್ರಾತ್‌ಸ್ಪೇಯ ಮುರಿದ ನಡೆ ಆ ನುಡಿಯ ಹ್ರಸ್ವ ದೀರ್ಘಗಳಿಂದಲೇ ಬಂದದ್ದೆಂದು ಹಿರಿಯರು ನಂಬುತ್ತಾರೆ. ಒಬ್ಬನ ವಾದನ ಹಿಡಿಸಿದರೆ "ಇವನಲ್ಲಿ ಗೇಲಿಕ್ ಇದೆ" ಎನ್ನುತ್ತಾರೆ. ನುಡಿಯನ್ನರಿಯದ ಮಗು ಆ ಮುರಿತವನ್ನು ಎಲ್ಲಿಂದ ಕಲಿಯಬೇಕು? ಗುರುವಿನ ಕಮಾನಿನಿಂದಲೇ ಎಂದು ಕೆಲವರು. ಅದು ಪ್ರತಿಯ ಪ್ರತಿ ಎಂದು ಉಳಿದವರು. ಮೊದಲಿನವರ ಕಡೆಗೆ ಚಾಪ್ಮನ್ನರ ಶಿಷ್ಯರ ಯಶಸ್ಸು ಇದೆ. ಆದರೆ ಅವರು ಗೇಲಿಕ್ ನುಡಿ ಇನ್ನೂ ಕಿವಿಗೆ ಬೀಳುತ್ತಿದ್ದ ಊರುಗಳಲ್ಲಿ ಬೆಳೆದವರೆಂಬುದನ್ನು ಮರೆಯಬಾರದು. ನೋವಾ ಸ್ಕೋಷಿಯ ಸರ್ಕಾರ 2006ರಲ್ಲಿ ಗೇಲಿಕ್ ವ್ಯವಹಾರಗಳಿಗಾಗಿ ಒಂದು ಕಚೇರಿಯನ್ನು ತೆರೆಯಿತು.

ಇತ್ತ ಸ್ಕಾಟ್ಲೆಂಡಿನಲ್ಲಿ ಈ ಹೆಜ್ಜೆಯ ಕುಣಿತ ಬಹುಮಟ್ಟಿಗೆ ಅಳಿದೇಹೋಗಿತ್ತು. ಕೇಪ್ ಬ್ರೆಟನ್ನಿನವರು ಬಂದು ಕುಣಿದು ತೋರಿಸಿದಾಗ, ಇದು ನಮ್ಮದಲ್ಲ, ಐರಿಷ್ ಜನರಿಂದ ಅಲ್ಲಿ ಕಲಿತದ್ದು ಎಂದು ವಾದಿಸಿದ ಸ್ಕಾಟರೂ ಇದ್ದರು. ವಾದವಿರಲಿ, ಹಲವು ವಲಸೆಗಾರರ ತವರಾದ ಸೌತ್ ಯೂಯಿಸ್ಟ್ ದ್ವೀಪದಲ್ಲಿ 1996ರಲ್ಲಿ ಕೇಯೋಲಸ್ ಎಂಬ ಬೇಸಿಗೆಯ ಶಾಲೆ ಆರಂಭವಾಯಿತು. ಕೇಪ್ ಬ್ರೆಟನ್ನಿನ ಗುರುಗಳು ಸಾಗರ ದಾಟಿ ಬಂದು ಅಲ್ಲಿ ಕಲಿಸಿದರು. ಪಿಟೀಲು, ಬ್ಯಾಗ್‌ಪೈಪು, ಹೆಜ್ಜೆ, ಹಾಡು, ಗೇಲಿಕ್ ನುಡಿ ಇವೆಲ್ಲಕ್ಕೂ ಅಲ್ಲಿ ಒಂದೇ ಸೂರಿನಡಿಯಲ್ಲಿ ಪಾಠ ನಡೆಯುತ್ತದೆ. ಸಂಜೆ ಊರಿನ ಮನೆಗಳಲ್ಲಿ ಕುಣಿತ.